ಮೂರು ಪೌಂಡಿನ ಕುದುರೆ

ಮೈಲಾರವ್ವನಿಗೆ ಸಿಟ್ಟು ಬಂದದ್ದು ಗುರಿ ಹೊಡೆಯುವ ಅಭ್ಯಾಸ ಪಂದ್ಯದಲ್ಲಿ ಸೋತದ್ದಕ್ಕಲ್ಲ, ಸೋತ ಮೇಲೆ ಶಂಭುಲಿಂಗಪ್ಪ ಸಮಾಧಾನ ಹೇಳಿದ್ದಕ್ಕೆ.

"ಮನಸ್ಸಿಗೆ ಹಚಗೋಬ್ಯಾಡ್ರಿ ಟೀಚರ್ರ. ಆ ಪಿಸ್ತೂಲಿನ ಕುದುರಿ ಹೆಣ್ಣಮಕ್ಕಳ ಬೆರಳಿಗೆ ಭಾಳ ಬಿರುಸು," ಎಂದು ಅವನು ನವಲಗುಂದದ ರೈಫಲ್ ಕ್ಲಬ್ಬಿನ ಎಲ್ಲರ ಮುಂದೆ ಅಂದುಬಿಟ್ಟ. ಅವನು ಕ್ಲಬ್ಬಿನ ಕಾರ್ಯದರ್ಶಿ, ಇಪ್ಪತ್ತು ಕೂರಿಗೆ ಹೊಲದ ಧಣಿ. ಅವಳು ಹೆಣ್ಣುಮಕ್ಕಳ ಶಾಲೆಯ ಪಿ.ಟಿ. ಟೀಚರು, ತಿರ್ಲಾಪುರದ ಕುರಿಗಾರರ ಮಗಳು. ಬೆಂಗಳೂರಿನ ರಾಜ್ಯ ಪಂದ್ಯಕ್ಕೆ ಕ್ಲಬ್ಬಿಗೆ ಸಿಗುತ್ತಿದ್ದದ್ದು ಒಂದೇ ಜಾಗ, ಎರಡು ವರ್ಷ ಸಾಲಾಗಿ ಅವನೇ ಹೋಗಿದ್ದ. ಈ ಸಲ, ಎಪ್ಪತ್ತಾರನೇ ಇಸವಿಯಲ್ಲಿ, ಕ್ಲಬ್ಬು ಒಂದು ಠರಾವನ್ನೂ ಮಾಡಿತ್ತು. ಮಾರ್ಚ್ ತಿಂಗಳ ಆಯ್ಕೆಯಲ್ಲಿ ಮೈಲಾರವ್ವ ಸೋತರೆ ಇನ್ನು ಮುಂದೆ ಹೆಂಗಸರ ಕೈಗೆ ಪಿಸ್ತೂಲು ಇಲ್ಲ. ಗುಂಡು ಹಾಳಾಗುತ್ತವಂತೆ! ಗಂಡಸರು ಹಾಳುಮಾಡಿದ ಗುಂಡನ್ನು ಯಾರೂ ಕೇಳಿರಲಿಲ್ಲ ಬಿಡಿ.

ಪಿಸ್ತೂಲು ಇದ್ದದ್ದೂ ಒಂದೇ. ಒಂದು ಗುಂಡು ಹಾರಿದ ಕೂಡಲೇ ಇನ್ನೊಂದು ತಾನಾಗಿ ಬಂದು ಕೂಡುವ ಜಾತಿಯದು. ಆದರೆ ಕುದುರೆಯನ್ನು, ಅಂದರೆ ಬೆರಳಿಡುವ ಆ ಕೊಂಡಿಯನ್ನು, ಪ್ರತಿ ಗುಂಡಿಗೂ ಹೊಸದಾಗಿ ಎಳೆಯಲೇಬೇಕು. ಎಳೆದರೆ ಅದು ಒಳಗೆ ಗರಗರ ಅಂದು ನಡುವೆ ಒಮ್ಮೆ ತಡೆದು ನಿಲ್ಲುತ್ತಿತ್ತು. ಅಲ್ಲಿ ಜಗ್ಗಿದಿರೋ, ಮೂತಿ ಕೆಳಗೆ ಕುಕ್ಕಿ ಗುಂಡು ಎಮ್ಮೆ ಕಾಯಲು ಹೋಗುತ್ತಿತ್ತು.

ಕ್ಲಬ್ಬಿನ ಬಂದೂಕು ನೋಡಿಕೊಳ್ಳುತ್ತಿದ್ದವನು ಮಾಬುಸಾಬ, ಮಿಲಿಟರಿಯಲ್ಲಿ ಅದೇ ಕೆಲಸ ಮಾಡಿ ಬಂದ ಮುದುಕ. ಪಂದ್ಯದ ನಿಯಮದ ಪ್ರಕಾರ ಕುದುರೆ ಮೂರು ಪೌಂಡು ತೂಕ ತಡೆಯಬೇಕು, ಅದಕ್ಕಿಂತ ಹಗುರಾದರೆ ಪಿಸ್ತೂಲನ್ನೇ ಹೊರಗಿಡುತ್ತಾರೆ ಎಂದು ಅವನು ವಿವರಿಸಿದ. ಆಮೇಲೆ ಅತ್ತಿತ್ತ ನೋಡಿ, ಅವಳ ಸರದಿಗಷ್ಟೇ ಚೂರು ಹಗುರ ಮಾಡಿಕೊಟ್ಟರೆ ಇಲ್ಲಿ ಯಾರು ತೂಗಿ ನೋಡುತ್ತಾರೆ ಎಂದೂ ಸೇರಿಸಿದ. ಪಾಪ, ಅವಳ ಮೇಲಿನ ಅಂತಃಕರಣಕ್ಕೇ ಅಂದದ್ದು.

"ತೂಕ ಇಳಿಸಿ ಗೆದ್ದರ ಅವರ ಮಾತ ಖರೇ ಆಗ್ತೈತ್ರಿ ಕಾಕಾ," ಅಂದಳು ಮೈಲಾರವ್ವ. "ತೂಕ ಇದ್ದಷ್ಟ ಇರಲಿ."

ಅಂದೇ ಅವಳು ತಂತಿ ಹಿಡಿಕೆಯ ಎಣ್ಣೆ ಡಬ್ಬಿಗೆ ನೀರು ತುಂಬಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ಮೂರು ಪೌಂಡಿಗೆ, ಅಂದರೆ ಒಂದು ಕಿಲೋ ಮುನ್ನೂರ ಅರವತ್ತು ಗ್ರಾಮಿಗೆ, ಸರಿಮಾಡಿದಳು. ದಿನಾ ಶಾಲೆ ಬಿಟ್ಟ ಮೇಲೆ ಅದನ್ನು ಹುರಿಯಿಂದ ತೋರುಬೆರಳಿಗೆ ತೂಗುಹಾಕಿ ಮೆಲ್ಲಗೆ ಎತ್ತುವುದು, ಇಳಿಸುವುದು. ನೀರು ಅಲುಗಬಾರದು, ಅಷ್ಟೇ. ತಿಂಗಳಿಗೆ ಬೆರಳು ಗಟ್ಟಿಯಾಯಿತು, ತೂಕ ತೂಕವೆನಿಸಲಿಲ್ಲ. ಆದರೆ ಪ್ರತಿ ಸಲ ಅರ್ಧಕ್ಕೆ ಬಂದಾಗ ನೀರು ತುಳುಕುತ್ತಿತ್ತು. ಶಕ್ತಿ ಬಂದಿತ್ತು, ನಯ ಬಂದಿರಲಿಲ್ಲ. ಒಂದು ಸಂಜೆ ಸಿಟ್ಟು ನೆತ್ತಿಗೇರಿ ಡಬ್ಬಿಯನ್ನು ಝಾಡಿಸಿ ಒದ್ದಳು. ಆಮೇಲೆ ಅದನ್ನು ತಾನೇ ಹುಡುಕಿ ತಂದು ಮತ್ತೆ ನೀರು ತುಂಬಿದಳು.

ಆ ಭಾನುವಾರ ತಿರ್ಲಾಪುರದಲ್ಲಿ ಹತ್ತಿ ಬಿಡಿಸುವುದಿತ್ತು. ಮೈಲಾರವ್ವ ತನ್ನ ಅವ್ವ ಫಕೀರವ್ವನ ಜೊತೆ ಸಾಲು ಹಿಡಿದಳು. ನಡುಹೊತ್ತಿಗೆ ಅವ್ವ ಅವಳ ಉಡಿಯಲ್ಲಿ ಕೈಹಾಕಿ ನೋಡಿದರೆ ಅರಳೆಯ ತುಂಬ ಒಣ ಎಲೆಯ ಪುಡಿ.

"ಏನ ಮಾಡಾಕತ್ತೀಯವ್ವಾ, ಗಿಡದ ಕೂಡ ಜಗಳೇನ? ಹಿಂಗ ಕಸಗೊಂಡರ ಕಸಾನ ಬರ್ತೈತಿ," ಎಂದು ಗದರಿದಳು. "ಹತ್ತಿ ಎಳಿಯೂದಲ್ಲ, ಬಿಡಿಸೂದು. ತೊಳಿ ತಾನ ಬಿಡೂತನಕ ಬೆರಳ ಕಾಯಬೇಕ."

ಮೈಲಾರವ್ವ ಸಾಲಿನಲ್ಲೇ ನಿಂತಳು. ಬಿಡಿಸುವುದು ಎಂಬುದು ಹುಟ್ಟಿದಾಗಿನಿಂದ ಬಾಯಲ್ಲಿದ್ದ ಮಾತು, ಬೆರಳಿಗೆ ಇಳಿದಿರಲೇ ಇಲ್ಲ. ಬಿರಿದ ಕಾಯಿಯೊಳಗಿನ ಅರಳೆಯ ಒಂದು ತೊಳೆ ಹಿಡಿದಳು, ಬಿಗಿ ಏರಿಸುತ್ತ ಹೋದಳು, ಅದು ತಡೆದಲ್ಲಿ ಜಗ್ಗಲಿಲ್ಲ. ತೊಳೆ ಬಂದದ್ದು ಅವಳಿಗೇ ತಿಳಿಯಲಿಲ್ಲ. ಸಂಜೆಯ ತನಕ ಹಾಗೇ ಬಿಡಿಸಿದಳು. ಎಂಟು ದಿನದಲ್ಲಿ ಡಬ್ಬಿಯ ನೀರೂ ಸುಮ್ಮನಾಯಿತು.

ಆಯ್ಕೆ ನಡೆದದ್ದು ನವಲಗುಂದದ ಗುಡ್ಡದ ಬುಡದಲ್ಲಿ. ಮೊದಲು ಶಂಭುಲಿಂಗಪ್ಪ ಹೊಡೆದ, ಹತ್ತು ಗುಂಡಿಗೆ ಎಂಬತ್ತಾರು. ಅದೇ ಪಿಸ್ತೂಲು ಮೈಲಾರವ್ವನ ಕೈಗೆ ಬಂತು. ಗರಗರ ಅಂದಿತು, ತಡೆಯಿತು, ಅವಳು ಕಾದಳು. ಹತ್ತೂ ಮುಗಿದಾಗ ತೊಂಬತ್ತೊಂದು.

ಶಂಭುಲಿಂಗಪ್ಪನ ಮುಖ ಸಣ್ಣದಾಯಿತು. ತಾನು ಹೊಡೆದ ಮೇಲೆ ಮಾಬುಸಾಬ ಕುದುರೆ ಹಗುರ ಮಾಡಿದ್ದಾನೆ ಎಂದ. ಮುದುಕ ಪಿಸ್ತೂಲು ಖಾಲಿಯಿದೆಯೇ ಎಂದು ಎರಡು ಸಲ ನೋಡಿ, ಮೂತಿ ಮೇಲೆ ಮಾಡಿ, ಎಲ್ಲರೆದುರು ಕುದುರೆಗೆ ಮೂರು ಪೌಂಡು ತೂಗುಹಾಕಿದ. ಕುದುರೆ ಮಿಸುಕಲಿಲ್ಲ. ಶಂಭುಲಿಂಗಪ್ಪ ತಾನೇ ಬೆರಳಿಟ್ಟು ಎಳೆದು ನೋಡಿದ. ಅದೇ ಗರಗರ, ಅದೇ ತಡೆ.

"ಹಂಗಾರ ನೀವು ಮಾಡಿದ್ದರ ಏನ್ರಿ?" ಎಂದು ಕೇಳಿದ, ಈ ಸಲ ನಿಜವಾಗಿ ತಿಳಿಯಬೇಕೆಂದೇ.

"ನೀವು ಎಳದ್ರಿ. ನಾ ಬಿಡಿಸಿದೆ," ಅಂದಳು ಮೈಲಾರವ್ವ.

ಮರುದಿನ ಅವಳು ಗುರಿಯ ಕಾಗದ ಹಿಡಿದು ನೆಟ್ಟಗೆ ಹೊಲಕ್ಕೇ ಹೋದಳು. ಬೆಂಗಳೂರಿಗೆ ತಾನೇ ಹೋಗುವುದು ಎಂದು ಖುಷಿಯಿಂದ ಹೇಳಿದಳು. ಫಕೀರವ್ವನಿಗೆ ಅಂಕಿ ತಿಳಿಯದು. ಕಾಗದವನ್ನು ಬಿಸಿಲಿಗೆ ಹಿಡಿದು ನೋಡಿದಳು. ಒಂಬತ್ತು ತೂತು ನಡುವೆ ಗುಂಪಾಗಿದ್ದವು, ಒಂದು ಮಾತ್ರ ದೂರ, ಕೆಳಗೆ. ಅದರ ಮೇಲೆ ಬೆರಳಿಟ್ಟಳು.

"ಇದೊಂದ ಕಸಗೊಂಡಿ ನೋಡು."

"ಹೌದಬೇ," ಅಂದಳು ಮೈಲಾರವ್ವ. "ಕಡೀದು. ಗೆದ್ದೆ ಅಂತ ಅವಸರಾತು."

ರಾಜ್ಯ ಪಂದ್ಯಕ್ಕೆ ಇನ್ನೂ ಇಪ್ಪತ್ತು ದಿನವಿತ್ತು. ಅವಳು ಉಡಿ ಕಟ್ಟಿಕೊಂಡು ಸಾಲಿಗಿಳಿದಳು.