ಹಬ್ಬದ ಎಣ್ಣೆ ಕುಡಿದ ಫಿಲ್ಟರ್

ನಾನು ಒಂದು ಫಿಲ್ಟರ್. ಕಾಫಿಯದಲ್ಲ, ಆ ಗೌರವ ನನ್ನ ಹಣೆಯಲ್ಲಿ ಬರೆದಿಲ್ಲ. ಜನ ಇಳಿದು ಕೂರುವ ಬಿಸಿನೀರಿನ ತೊಟ್ಟಿಯ ಗೋಡೆಯೊಳಗೆ ಅಡಗಿ ಕೂತು ನೀರು ಸೋಸುವವನು. ಪುಣೆಯ ಕಡೆಯ ಒಂದು ಕಾರ್ಖಾನೆಯಲ್ಲಿ ಬಿಳಿ ಬಟ್ಟೆಗೆ ನೂರಿಪ್ಪತ್ತು ನೆರಿಗೆ ಹಿಡಿದು, ಕೊಳವೆಗೆ ಸುತ್ತಿ, ಎರಡೂ ತುದಿಗೆ ನೀಲಿ ಟೊಪ್ಪಿಗೆ ಅಂಟಿಸಿದಾಗ ನಾನು ಹುಟ್ಟಿದೆ. ಹುಟ್ಟುವಾಗಲೇ ಇಷ್ಟೊಂದು ನೆರಿಗೆ ಇದ್ದುದರಿಂದ ಮುಪ್ಪಿನ ಹೆದರಿಕೆ ನನ್ನನ್ನು ಎಂದೂ ಕಾಡಲಿಲ್ಲ.

ಸೋಸುವವನ ಬಾಳೂ ಸೊಸೆಯ ಬಾಳೂ ಒಂದೇ. ಮನೆಮಂದಿಯ ಕೊಳೆಯನ್ನೆಲ್ಲ ನುಂಗಬೇಕು. ನೀರು ತಿಳಿಯಾಗಿದ್ದರೆ ಹೊಗಳಿಕೆ ತೊಟ್ಟಿಗೆ. ಕದಡಿದರೆ ಬೈಗುಳ ನನಗೆ.

ಮೊದಲು ಕಾಡಂಚಿನ ಒಂದು ರೆಸಾರ್ಟಿನಲ್ಲಿದ್ದೆ. ಅಲ್ಲಿನ ಮ್ಯಾನೇಜರು ಕ್ಲೋರಿನ್ ಪುಡಿಯನ್ನು ಸಾರಿಗೆ ಉಪ್ಪು ಹಾಕುವಂತೆ ಕೈಯಂದಾಜಿನಲ್ಲಿ ಎರಚುತ್ತಿದ್ದ. ಒಂದು ದಿನ ನೀರನ್ನು ತಿರುಗಿಸುವ ಪಂಪು ಸುಟ್ಟುಹೋಯಿತು. ಹೊಸ ತೊಟ್ಟಿ ಬಂತು. ನಾವು ಗುಜರಿಯ ಪಾಲಾಗುವುದರಲ್ಲಿದ್ದೆವು. ಆಗ ಹುಬ್ಬಳ್ಳಿಯ ಈರಪ್ಪ ಹೊಸಮನಿ ತನ್ನ ಟೆಂಪೋದಲ್ಲಿ ನಮ್ಮನ್ನು ಮನೆಗೆ ಹೊತ್ತು ತಂದ.

ಈರಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಪಂಪಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಟ್ಟ. ಅದು 'ಗುಂಯ್ಯ್... ಖರ್ರ್... ಗುಂಯ್ಯ್' ಎಂದು ಎದ್ದಿತು. ಥೇಟ್ ಈರಪ್ಪನ ಗೊರಕೆ! ಸಾಕಿದವರ ಗುಣ ಯಂತ್ರಕ್ಕೂ ಬರುತ್ತದೆ.

ತೊಟ್ಟಿ ತಂದದ್ದು ಮೋಜಿಗಲ್ಲ, ಮಗಳು ನೀಲಾಳ ಮೊಣಕಾಲಿಗೆ. ಅವಳು ಕಾಲೇಜಿನ ಖೋ ಖೋ ಆಟಗಾರ್ತಿ. ಕಂಬ ಸುತ್ತುವಾಗ ಮೊಣಕಾಲಿನೊಳಗಿನ ನಾರು ಹರಿದು, ಯುಗಾದಿಯ ಹೊತ್ತಿಗೆ ಆಪರೇಷನ್ ಆಗಿತ್ತು. ಗಾಯ ಪೂರ್ತಿ ಮಾದ ಮೇಲೆ ಡಾಕ್ಟರು, ದಿನಾ ಬಿಸಿನೀರಿನಲ್ಲಿ ವ್ಯಾಯಾಮ ಮಾಡು, ಆದರೆ ನೀರು ಕೊಳಕಾದರೆ ಕಾಲಿಡಬೇಡ ಎಂದರು. ದೀಪಾವಳಿ ಕಳೆದ ಹತ್ತನೆಯ ದಿನ ಅವರ ಮುಂದೆ ಒಂಟಿಕಾಲಲ್ಲಿ ಹತ್ತು ಸಲ ಕೂತು ಏಳಬೇಕು. ಎದ್ದರೆ ಮೈದಾನ, ಇಲ್ಲದಿದ್ದರೆ ಆ ವರ್ಷದ ಆಟ ಮುಗಿದಂತೆ.

ನೀಲಾ ನಮ್ಮನ್ನು ಅಚ್ಚುಕಟ್ಟಾಗಿ ನೋಡಿಕೊಂಡಳು. ಬೆಳಿಗ್ಗೆ ಸಂಜೆ ಪಂಪು ಓಡಿಸುವಳು. ಕಾಗದದ ಪಟ್ಟಿ ನೀರಿಗದ್ದಿ, ಬಣ್ಣ ನೋಡಿ, ಕ್ಲೋರಿನ್ ಅಳೆದು ಹಾಕುವಳು. ಭಾನುವಾರ ಪೈಪು ಹಿಡಿದು ನನ್ನ ನೆರಿಗೆ ತೊಳೆಯುವಳು. ಅಜ್ಜಿ ಅಂಬವ್ವ ಕಟ್ಟೆಯ ಮೇಲೆ ಕೂತು ಮೊಮ್ಮಗಳ ವ್ಯಾಯಾಮ ಎಣಿಸುತ್ತಿದ್ದಳು, ಜೋಳ ಅಳೆಯುವವರಂತೆ ಒಂದಕ್ಕೆ 'ಲಾಭ' ಎನ್ನುತ್ತ: "ಲಾಭ... ಎರಡು... ಮೂರು..." ಆರು ದಾಟುವಾಗ ನೀಲಾಳ ಕಾಲು ನಡುಗುತ್ತಿತ್ತು. ಅಜ್ಜಿ "ಏಳು" ಎಂದರೆ ಅದು ಲೆಕ್ಕವೋ ಅಪ್ಪಣೆಯೋ ಯಾರಿಗೂ ತಿಳಿಯುತ್ತಿರಲಿಲ್ಲ. ಅಲ್ಲಿಗೇ ನಿಲ್ಲುತ್ತಿತ್ತು.

ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಊರಿನವರೆಲ್ಲ ಬಚ್ಚಲ ಹಂಡೆ ಬೆಳಗಿದರೆ, ಅಂಬವ್ವ ನಮ್ಮ ತೊಟ್ಟಿಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು ಹಿಂಡಲಕಾಯಿ ಬಳ್ಳಿ ಕಟ್ಟಿದಳು. ನನಗೂ ಖುಷಿಯೇ. ಮರುದಿನ ನಸುಕಿನಲ್ಲಿ ಅಜ್ಜಿ ಮೈತುಂಬ ಎಣ್ಣೆ ಹಚ್ಚಿಕೊಂಡು, ಸೀಗೆಪುಡಿ ಕಡಲೆಹಿಟ್ಟು ಹಿಡಿದು, ಸೀದಾ ತೊಟ್ಟಿಗೇ ಇಳಿದಳು!

ಎಣ್ಣೆ ನನ್ನ ಒಂದೊಂದು ನೆರಿಗೆಗೂ ಮೆತ್ತಿತು; ಅದರ ಮೇಲೆ ಹಿಟ್ಟು ಕೂತಿತು. ನೀರು ಹಾಯಲಾರದೆ ಹೋಯಿತು. ಪಂಪು ಅಸ್ತಮಾ ಬಂದ ಮಾವನಂತೆ ಏದುಸಿರುಬಿಟ್ಟಿತು. ನೀರು ಹರಿಯದೆ ಹೀಟರೂ ತಾನೇ ಆರಿತು.

ನೀಲಾ ಓಡಿಬಂದಳು. "ಆಯಿ! ಏನ್ ಮಾಡಿದಿ ಇದು?"

"ಹಬ್ಬದ ಸ್ನಾನ ಮಾಡೀನವಾ. ಇಷ್ಟ್ ದೊಡ್ಡ ಹಂಡೆ ಇಟಗೊಂಡು ಬಕೀಟನ್ಯಾಗ ಯಾಕ ಜಳಕಾ ಮಾಡಲಿ?"

"ಹಂಡೇದ ನೀರು ಮೈಮ್ಯಾಲ ಬಿದ್ದು ಬಚ್ಚಲಕ್ಕ ಹೋಗತೈತಿ ಆಯಿ. ಈ ನೀರು ಎಲ್ಲಿಗೂ ಹೋಗಂಗಿಲ್ಲ, ಸುತ್ತಿ ಸುತ್ತಿ ಇಲ್ಲೇ ಬರತೈತಿ! ಹತ್ತ-ಹನ್ನೆರಡ ದಿನಕ್ಕ ಡಾಕ್ಟರ್ ಮುಂದ ನಿಂದರಬೇಕು ನಾ..."

ಈರಪ್ಪ ನನ್ನನ್ನು ಹೊರಗೆಳೆದು ನೋಡಿದ. "ಯವ್ವಾ, ಇದು ಬಜ್ಜಿ ಆಗೇತಿ. ಹೊಸಾದು ಬರಾಕ ಹದಿನೈದು ದಿನ ಬೇಕು."

ಅಂಬವ್ವನ ಮುಖ ಸಣ್ಣದಾಯಿತು. ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಕೈ ಚಾಚಿದಳು. "ಕೊಡ ಇಲ್ಲಿ. ನೆರಿಗಿ ಕೆಲಸ ನನಗ ಕಲಸ್ತೀಯೇನು?"

ಓಣಿಯ ಪ್ರತಿ ಮದುಮಗಳಿಗೂ ಇಳಕಲ್ ಸೀರೆ ಉಡಿಸಿದ ಕೈ ಅದು. ಬಿಸಿನೀರಿಗೆ ಬಟ್ಟೆ ತೊಳೆಯುವ ಸೋಡಾ ಹಾಕಿ ನನ್ನನ್ನು ನೆನೆಸಿದಳು. ಬ್ರಷ್ ತಂದ ಮಗನಿಗೆ "ಅರಿಬಿ ಹರದೀತು, ಸರಿ ಆಕಡೆ" ಎಂದು ಗದರಿದಳು. ಹಬ್ಬದ ಹೋಳಿಗೆ ಬಿಟ್ಟು ಮೂರು ದಿನ ಒಂದೊಂದೇ ನೆರಿಗೆಯನ್ನು ಬೆರಳಲ್ಲಿ ಬಿಡಿಸಿದಳು, ಜಾಲಾಡಿದಳು, ಮತ್ತೆ ನೆನೆಸಿದಳು. ಅಷ್ಟರಲ್ಲಿ ಈರಪ್ಪ ತೊಟ್ಟಿ ಬರಿದು ಮಾಡಿ, ಒರೆಸಿ, ಹೊಸ ನೀರು ತುಂಬಿದ. ನನ್ನನ್ನು ಒಳಗಿಟ್ಟರು. 'ಗುಂಯ್ಯ್' ಎಂದಿತು ಪಂಪು. ನೀರು ನನ್ನೊಳಗೆ ಸರಾಗ ಹಾಯಿತು. ಮರುದಿನ ನೀಲಾ ಪಟ್ಟಿ ಅದ್ದಿ, ಬಣ್ಣ ಸರಿ ಬಂತೆಂದು ನೀರಿಗಿಳಿದಳು.

ಡಾಕ್ಟರ ಬಳಿಗೆ ಹೊರಡುವ ಮುಂಜಾನೆ ಹಿತ್ತಲಲ್ಲೇ ಒಂದು ಪರೀಕ್ಷೆ ನಡೆಯಿತು. ಅಂಬವ್ವ ಎಣಿಸಿದಳು. ಏಳು ಬಂತು. ಕಾಲು ನಡುಗಿತು. ನೀಲಾ ತುಟಿ ಕಚ್ಚಿ ಎದ್ದಳು. ಎಂಟು. ಒಂಬತ್ತು. ಹತ್ತು ಎಂದವಳೇ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಧ್ಯಾಹ್ನ ಡಾಕ್ಟರ ಮುಂದೆಯೂ ಹತ್ತಾಯಿತಂತೆ. ಸಂಜೆ ಈರಪ್ಪ ಪೇಡೆ ಹಂಚಿದ. ನನಗೆ ಬರಲಿಲ್ಲ; ಜಿಡ್ಡು ನನಗೆ ವರ್ಜ್ಯ.

ಈಗ ನನ್ನ ಬಟ್ಟೆ ಸವೆದಿದೆ. ತೊಟ್ಟಿಯಲ್ಲಿ ಹೊಸಬ ಕೂತಿದ್ದಾನೆ. ನನ್ನನ್ನು ಎಸೆಯಲು ಅಂಬವ್ವ ಬಿಡಲಿಲ್ಲ. ನಡುವಿನ ಕೊಳವೆಗೆ ಮಣ್ಣು ತುಂಬಿ, ತೊಟ್ಟಿಯ ಪಕ್ಕದಲ್ಲೇ ನಿಲ್ಲಿಸಿ, ದೊಡ್ಡಪತ್ರೆ ನೆಟ್ಟಿದ್ದಾಳೆ. ಮೇಲೆ ಹಾಕಿದ ನೀರು ನನ್ನ ಬುಡದಿಂದ ಜಿನುಗುತ್ತದೆ. ಹಳೆಯ ಚಟ, ಸೋಸದೆ ಬಿಡುವುದಿಲ್ಲ. ಕೊಳೆ ನುಂಗಿದ್ದಕ್ಕೆ ಈಗ ಬೇಸರವಿಲ್ಲ. ಅದರಲ್ಲಿ ಒಂದು ಹುಡುಗಿಯ ಬೆವರೂ ಇತ್ತು.

ಈ ದೀಪಾವಳಿಯ ನಸುಕಿನಲ್ಲಿ ಅಂಬವ್ವ ಮತ್ತೆ ಎಣ್ಣೆ ಹಚ್ಚಿಕೊಂಡು ಹಿತ್ತಲಿಗೆ ಬಂದಳು. ತೊಟ್ಟಿಯಿಂದ ಹಬೆ ಏಳುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟು, ನನ್ನನ್ನು ಕಂಡು ನಿಂತಳು.

"ಹಂಗ್ಯಾಕ ನೋಡ್ತೀಯೋ? ಬಚ್ಚಲಕ್ಕಽ ಹೊಂಟೀನಿ!"