ನಿಂತಲ್ಲಿ ನಿಲ್ಲದ ಮೋಟಾರು

ಮಡಿವಾಳಯ್ಯ ಸಾವಕಾರರ ಮೋಟಾರು ಓಡುವಾಗ ಏನೂ ತಕರಾರು ಮಾಡುತ್ತಿರಲಿಲ್ಲ. ನಿಂತಾಗಲೇ ಅದರ ರಂಪ. ಸೇಡಂನಿಂದ ಕುರಕುಂಟಾಕ್ಕೆ ಗಾಳಿಯ ಹಾಗೆ ಹೋಗುತ್ತಿತ್ತು. ಎದುರಿಗೆ ಎಮ್ಮೆ ಬಂತೆಂದು ಒಂದು ಗಳಿಗೆ ತಡೆದರೆ ಸಾಕು, ಇಂಜಿನ್ನು ಒಮ್ಮೆ ಏರಿ ಒಮ್ಮೆ ಇಳಿದು, ಕೆಮ್ಮಿ, ಚಳಿಜ್ವರ ಬಂದವರಂತೆ ನಡುಗಿ ಆರಿಹೋಗುತ್ತಿತ್ತು. ಆ ನಡುಕಕ್ಕೇ ಸಾವಕಾರರ ಹಲ್ಲು ಒಂದೊಂದಾಗಿ ಉದುರಿದವೆಂದು ನಾನು ಓಣಿಯೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಹಲ್ಲು ಉದುರಿದ್ದು ತಂಬಾಕಿನಿಂದ, ಆ ಮಾತು ಬೇರೆ.

ಆ ಮೋಟಾರಿನ ಡ್ರೈವರು ನನ್ನ ತಮ್ಮ ಅಮೃತಪ್ಪ. ಗಂಡ ತೀರಿಕೊಂಡ ಮೇಲೆ ನಾನು ಅವನ ಮನೆಯಲ್ಲೇ ಇದ್ದೆ. ರಜಾಕಾರರ ಗದ್ದಲ ಅಡಗಿ, ಜಾಗೀರುಗಳು ಹೋದ ಮೇಲೆ ಒಬ್ಬ ಜಾಗೀರದಾರ ಮಾರಿದ ಹಳೇ ಕಾರು ಅದು. ಗುಂಡಿ ಒತ್ತಿ ಚಾಲೂ ಮಾಡುವ ಸೌಕರ್ಯ ಅದರಲ್ಲಿ ಎಂದೋ ಸತ್ತಿತ್ತು. ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುವಬೇಕು. ಒಂದು ದಿನ ಆ ಹ್ಯಾಂಡಲ್ ಉಲ್ಟಾ ಒದ್ದು ಅಮೃತಪ್ಪನ ಬಲಗೈ ಮಣಿಕಟ್ಟು ಮುರಿಯಿತು. ಹತ್ತಿರದ ಆಡಕಿ ಊರಿನಲ್ಲಿ ಎಲುಬು ಕಟ್ಟುವವರು ಕಟ್ಟಿದರು. ಎಲುಬು ಕೂಡಿತು, ಬಲ ಬರಲಿಲ್ಲ. ಸ್ಟೇರಿಂಗ್ ಹಿಡಿಯಬಲ್ಲ, ರೊಟ್ಟಿ ಮುರಿಯಬಲ್ಲ, ಹ್ಯಾಂಡಲ್ ಮಾತ್ರ ತಿರುವಲಾರ.

ಇದನ್ನು ಅವನು ಸಾವಕಾರರಿಗೆ ಹೇಳಿರಲಿಲ್ಲ. ಬೆಳಿಗ್ಗೆ ಅಂಗಡಿಯ ಹಮಾಲರು ಯಾರಾದರೂ ತಿರುವಿ ಕೊಡುತ್ತಿದ್ದರು. ಆಮೇಲೆ ಸಾವಕಾರರು ಕೆಲಸ ಮುಗಿಸಿ ಬರುವ ತನಕ ಇಂಜಿನ್ನು ಆರಗೊಡದೆ ಕಾಯುತ್ತಿದ್ದ. ಈಗ ಅದೇ ತಾನಾಗಿ ಆರತೊಡಗಿತ್ತು. ಕುರಕುಂಟಾದ ರೈಲು ಗೇಟಿನಲ್ಲಿ ಆರಿದ ದಿನ ಹಿಂದೆ ಇಡೀ ತಾಲೂಕಿನ ಬಂಡಿಗಳೇ ಸಾಲುಗಟ್ಟಿದ್ದವಂತೆ. ಹೊಲದ ಜನ ಬಂದು ನೂಕಿದರು. ಮನೆಗೆ ಬಂದ ಮೇಲೆ ಸಾವಕಾರರು ಒಂದೇ ಮಾತು ಹೇಳಿದರು: ಮಂಗಳವಾರ ಚಿಂಚೋಳಿಗೆ ಮಗನಿಗೆ ಹೆಣ್ಣು ನೋಡಲು ಹೋಗುವುದಿದೆ, ದಾರಿಯಲ್ಲಿ ಒಮ್ಮೆ ಆರಿದರೂ ಚಾವಿ ಅಲ್ಲೇ ಕೊಡಬೇಕು, ಚಿತ್ತಾಪುರದ ಒಬ್ಬ ಡ್ರೈವರನಿಗೆ ಆಗಲೇ ಹೇಳಿಟ್ಟಿದ್ದೇನೆ.

ಶುಕ್ರವಾರ ಗುಲಾಮ ದಸ್ತಗೀರ ಬಂದ. ವಾಡಿಯ ರೈಲು ಶೆಡ್ಡಿನಲ್ಲಿ ಫಿಟ್ಟರು, ಮನೆ ನಮ್ಮ ಓಣಿಯಲ್ಲೇ. ಮೋಟಾರನ್ನು ನಮ್ಮ ಅಂಗಳಕ್ಕೆ ತರಿಸಿ, ಇಂಜಿನ್ನಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಅಲ್ಲೇ ಹರವಿದ. ಪ್ಲಗ್ಗಿನ ಮಸಿ ಕೆರೆದ, ಕಿಡಿ ಹಾರುತ್ತದೋ ಎಂದು ನೋಡಿದ, ಗಾಳಿ ಪೆಟ್ರೋಲು ಬೆರೆಸುವ ಕಾರ್ಬರೇಟರಿನ ಒಳಗಿನ ಕಸ ತೊಳೆದ. ಮತ್ತೆ ಜೋಡಿಸಿ ಚಾಲೂ ಮಾಡಿದರೆ ಅದೇ ಕೆಮ್ಮು. ಕಾರ್ಬರೇಟರೇ ಸವೆದಿದೆ, ಹೈದರಾಬಾದಿನಿಂದ ಹೊಸದು ತರಿಸಬೇಕು, ಬರುವುದಕ್ಕೆ ತಿಂಗಳಾದರೂ ಬೇಕು ಎಂದ. ಅಮೃತಪ್ಪ ಒಪ್ಪಲಿಲ್ಲ.

"ಸವದಿದ್ರ ಓಡುವಾಗೂ ತ್ರಾಸ ಕೊಡಬೇಕಿತ್ತಲ್ಲ ಕಾಕಾ? ಓಡುವಾಗ ಛಲೋ ಅದ. ನಿಂತಾಗ ಅಷ್ಟೇ ಯಾಕ ಹಿಂಗ ಮಾಡ್ಲಿಕತ್ಯಾದ?"

ದಸ್ತಗೀರ ಕೈ ಒರೆಸಿಕೊಂಡ. ಮಾರನೆಯ ದಿನ ತಾನು ಡ್ಯೂಟಿಗೆ ಹೋಗಬೇಕೆಂದು, ಹೋಗುವ ಮುಂಚೆ ಎರಡು ಉಪಾಯ ಹೇಳಿಕೊಟ್ಟ. ಅಂದಿನಿಂದ ನಮ್ಮ ಮನೆಯಲ್ಲಿ ಅಡಿಗೆ, ಪೂಜೆ ಎಲ್ಲ ಇಂಜಿನ್ನಿನದೇ ಆಯಿತು. ಅಮೃತಪ್ಪನಿಗೆ ಒಂದೇ ಕೈ, ಎರಡನೆಯ ಕೈ ನಾನು. ಹಮಾಲ ಬಂದು ಹ್ಯಾಂಡಲ್ ತಿರುವುವುದು, ಆರುವ ಮುಂಚೆ ನಾವು ಪರೀಕ್ಷೆ ಮಾಡುವುದು, ಅದು ಆರುವುದು, ಮತ್ತೆ ಹಮಾಲನನ್ನು ಕರೆಯುವುದು. ಆ ಹಮಾಲ ನಮ್ಮ ಓಣಿ ಬಿಟ್ಟು ಸುತ್ತಿಕೊಂಡು ಹೋಗತೊಡಗಿದ.

ಮೊದಲನೆಯ ಉಪಾಯ ಎಣ್ಣೆಯದು. ಕಾರ್ಬರೇಟರು ಇಂಜಿನ್ನಿಗೆ ಕೂಡುವ ಸಂದಿಯಲ್ಲಿ ಕಳ್ಳಗಾಳಿ ಒಳಗೆ ಹೋಗುತ್ತಿದ್ದರೆ, ಅಲ್ಲಿ ಎಣ್ಣೆ ಬಿಟ್ಟಾಗ ಸಂದಿ ಮುಚ್ಚಿ ಇಂಜಿನ್ನು ಒಂದು ಗಳಿಗೆ ಸಮಾಧಾನ ಆಗಬೇಕು. ಒಗ್ಗರಣೆಗೆ ಇಟ್ಟ ಕುಸುಬಿ ಎಣ್ಣೆಯನ್ನೇ ತಂದು ಸಂದಿಯ ಸುತ್ತ ಬಿಟ್ಟೆ. ಇಂಜಿನ್ನಿನಿಂದ ಬಜಿ ಕರಿದ ವಾಸನೆ ಎದ್ದು ಪಕ್ಕದ ಮನೆಯವರು ಇಣುಕಿ ನೋಡಿದರು, ಆದರೆ ಸಪ್ಪಳ ಬದಲಾಗಲಿಲ್ಲ. ಕಳ್ಳಗಾಳಿ ಅಲ್ಲ ಎಂದಾಯಿತು.

ಎರಡನೆಯದು ಅಂಗೈ ಉಪಾಯ. ಕಾರ್ಬರೇಟರು ಗಾಳಿ ಎಳೆಯುವ ಬಾಯಿಯನ್ನು ಅರ್ಧ ಮುಚ್ಚಿ ನೋಡುವುದು. ಪೆಟ್ರೋಲು ಕಡಿಮೆಯಾಗಿ ನರಳುತ್ತಿದ್ದರೆ ಮುಚ್ಚಿದಾಗ ಸುಧಾರಿಸುತ್ತದೆ. ಗಾಳಿ ಕಡಿಮೆಯಾಗಿದ್ದರೆ ಇನ್ನಷ್ಟು ಕೆಡುತ್ತದೆ. ಅಮೃತಪ್ಪ ಎಡಗೈ ಅಡ್ಡ ಹಿಡಿದ. ಹಿಂದೆ ಕಪ್ಪು ಹೊಗೆ ಉಗುಳಿ ಅದು ತಟ್ಟನೆ ಆರಿತು. ಅವನ ಮುಖ ಅರಳಿತು. ಮೋಟಾರು ಆರಿದ್ದಕ್ಕೆ ಖುಷಿಪಟ್ಟ ಡ್ರೈವರನನ್ನು ನಾನು ಅಂದೇ ನೋಡಿದ್ದು.

"ಉಸರು ಸಾಲವಲ್ದು ಅಕ್ಕ. ನಿಂತಾಗ ಉಸರು ಎಳಿಲಿಕ್ಕ ಇದಕ್ಕ ಬ್ಯಾರೇ ಸಣ್ಣ ತೂತು ಇರ್ತದಂತ ಕಾಕಾ ಹೇಳಿದ್ದ. ಅದು ಎಲ್ಲದ, ಹುಡುಕು."

ಹುಡುಕಿದೆವು. ತೂತು ಕಾಣಲೇ ಇಲ್ಲ. ಕಾರ್ಬರೇಟರಿನ ಮೇಲೆ ಬೆರಳಾಡಿಸದ ಜಾಗವೆಂದರೆ ಒಂದೇ, ಬಾಯಿಯ ತುಟಿಯ ಹತ್ತಿರ ಸಾವಕಾರರ ತಾಯಿ ಶಿವಕಾಂತಮ್ಮನವರು ಬಳಿದ ವಿಭೂತಿಯ ಮೂರು ಪಟ್ಟಿ. ಕಾರು ತಂದ ಹೊಸದರಲ್ಲಿ ಆಯಮ್ಮ ಇದರ ಜೀವ ಎಲ್ಲಿದೆಯೆಂದು ಕೇಳಿದ್ದರು. ಉಸಿರು ಎಳೆಯುವುದು ಇಲ್ಲಿಂದ ಎಂದು ಅಮೃತಪ್ಪನೇ ತೋರಿಸಿದ್ದ. ಅಂದಿನಿಂದ ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಬಂದು, ಮುಚ್ಚಳ ಎತ್ತಿಸಿ, ನೀರಲ್ಲಿ ಕಲಸಿದ ವಿಭೂತಿಯನ್ನು ಅಲ್ಲೇ ಬಳಿಯುತ್ತಿದ್ದರು. ಇಂಜಿನ್ನಿನ ಕೆಮ್ಮು ಹೆಚ್ಚಾದಂತೆ ಆಯಮ್ಮನ ಭಕ್ತಿಯೂ ಹೆಚ್ಚಾಯಿತು. ಇಂಜಿನ್ನಿನ ಕಾವಿಗೆ ಒಣಗಿ ಒಣಗಿ ಅದು ಗೋಡೆಗೆ ಬಳಿದ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ದಸ್ತಗೀರ ಕಾರ್ಬರೇಟರನ್ನೆಲ್ಲ ತೊಳೆದಿದ್ದ, ಆದರೆ ಹಿಂದೂಗಳ ದೇವರ ಗುರುತೆಂದು ಅದಕ್ಕೆ ಕೈ ಹಚ್ಚಿರಲಿಲ್ಲ, ನೀರೂ ತಾಗಿಸಿರಲಿಲ್ಲ. ವಿಭೂತಿ ಅಳಿಸಬಾರದೆಂದು ಅಮೃತಪ್ಪನೂ ಅದರ ಸುತ್ತಲೇ ಒರೆಸುತ್ತಿದ್ದ.

ಈಗಲೂ ಅವನ ಕೈ ಹಿಂದೆ ಸರಿಯಿತು. ನಾನು ಮನಸ್ಸಿನಲ್ಲೇ ಬಸವಣ್ಣನಿಗೆ ಕೈಮುಗಿದು, ಬಿಸಿನೀರು ತಂದು, ಸೆರಗಿನ ತುದಿ ಅದ್ದಿ ಒರೆಸಿದೆ. ಪದರು ಪದರಾಗಿ ಬಂತು. ಅಷ್ಟು ವಿಭೂತಿಯಲ್ಲಿ ಒಂದು ಮಠ ವರ್ಷ ಕಳೆಯಬಹುದಿತ್ತು. ಅಡಿಯಲ್ಲಿ ಸಾಸಿವೆ ಕಾಳು ಹಿಡಿಸುವಷ್ಟು ಬಿಳಿ ಚುಕ್ಕೆ ಕಂಡಿತು, ವಿಭೂತಿ ತುಂಬಿ ಮುಚ್ಚಿಹೋದ ಆ ತೂತು. ತಂತಿ ಹಾಕಿದರೆ ತೂತು ದೊಡ್ಡದಾಗಿ ಕೆಡುತ್ತದೆಂದು ಅಮೃತಪ್ಪ ಕಸಬರಿಗೆಯ ಕಡ್ಡಿ ಮುರಿದು ತಂದ. ಕಡ್ಡಿ ಆಡಿಸುತ್ತ, ಬಾಯಿಂದ ಊದುತ್ತ, ಮತ್ತೆ ಬಿಸಿನೀರು ಬಿಡುತ್ತ ಮಧ್ಯಾಹ್ನ ಕಳೆಯಿತು. ಕೊನೆಗೆ ಊದಿದ ಗಾಳಿ ಆ ಕಡೆಯಿಂದ ನನ್ನ ಕೆನ್ನೆಗೆ ತಾಗಿತು.

ಹಮಾಲನನ್ನು ಹಿಡಿದು ತಂದೆವು. ಇಂಜಿನ್ನು ಚಾಲೂ ಆಯಿತು. ಒಂದೇ ಸಮ, ಬೀಸುವ ಕಲ್ಲಿನ ಹಾಗೆ. ನಾನು ಜೋಳ ಹಸನು ಮಾಡಿ, ಹಿಟ್ಟು ನಾದಿ, ರೊಟ್ಟಿ ಬಡಿದೆ. ಅದು ಆರಲಿಲ್ಲ.

ಉಳಿದದ್ದು ಸೋಮವಾರ. ಶಿವಕಾಂತಮ್ಮ ಮತ್ತೆ ಬಳಿದರೆ ಮಂಗಳವಾರ ಮತ್ತೆ ಉಸಿರು ಕಟ್ಟುತ್ತದೆ. ಬೇಡವೆಂದು ಹೇಳಿ ಆಯಮ್ಮನನ್ನು ಸಿಟ್ಟಿಗೆಬ್ಬಿಸಿದರೂ ಕೆಲಸ ಹೋಗುತ್ತದೆ. ನಾನೇ ಹೋದೆ. ತೂತು ಮುಚ್ಚಿದ ಕತೆಯನ್ನೆಲ್ಲ ಹೇಳಿದೆ. ಆಯಮ್ಮ ನನ್ನನ್ನು ನೋಡಿದ ನೋಟಕ್ಕೆ ಕಾಗಿಣಾ ನದಿ ಬತ್ತಬೇಕಿತ್ತು.

"ಇಭೂತಿ ಹಚ್ಚಿದ್ದಕ್ಕ ಕೆಟ್ಟದಂತ ಅಂತೀ ಏನು?"

"ಇಭೂತಿದೇನೂ ತಪ್ಪಿಲ್ರಿ ಅವ್ವಾರ. ಹಣಿಗಿ ಹಚ್ಚೋದು ಮೂಗಿನಾಗ ತುಂಬೀವಿ. ನಿಮ್ಮ ಮೂಗಿನಾಗ ನಾ ಒಂದು ಚಿಮಟಿ ತುಂಬ್ಲೇನ್ರಿ?"

ನಗಬಾರದೆಂದು ಆಯಮ್ಮ ಭಾಳ ಪ್ರಯತ್ನ ಪಟ್ಟರು. ಆಮೇಲೆ, "ಮತ್ತ ಅದರ ಹಣಿ ಎಲ್ಲದ, ತೋರಸು ಬಾ" ಎಂದು ಎದ್ದರು. ಎರಡು ದೀಪಗಳ ನಡುವಿನ ತಗಡು ತೋರಿಸಿದೆ. ಸೋಮವಾರ ವಿಭೂತಿ ಅಲ್ಲಿ ಏರಿತು.

ಮಂಗಳವಾರ ಶಿವಕಾಂತಮ್ಮನ ಜೊತೆಗೆಂದು ನಾನೂ ಹಿಂದಿನ ಸೀಟಿನಲ್ಲಿ ಕೂತೆ. ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಲೋಕದಲ್ಲಿರುವ ಕುರಿಗಳೆಲ್ಲ ಅಂದೇ ಹೊರಟಿದ್ದವು. ಇಂಜಿನ್ನು ಬೀಸುವ ಕಲ್ಲಿನ ಹಾಗೆಯೇ ಸುತ್ತಿತು. ಸಾವಕಾರರು ತಿರುಗಿ ತಿರುಗಿ ಅಮೃತಪ್ಪನನ್ನು ನೋಡಿದರು.

ಚಿಂಚೋಳಿಯಲ್ಲಿ ಹೆಣ್ಣಿನ ಮನೆ ಮುಂದೆ ಇಳಿದ ಸಾವಕಾರರು ಅಂದರು: "ಬಂದ್ ಮಾಡು. ಸುಮ್ಮ ಪೆಟ್ರೋಲ್ ಯಾಕ ಸುಡ್ತಿ?"

ಮತ್ತೆ ತಿರುವುವವರು ಯಾರು ಎಂಬಂತೆ ಅಮೃತಪ್ಪ ನನ್ನ ಕಡೆ ನೋಡಿದ. ಆಮೇಲೆ ಬಂದ್ ಮಾಡಿದ. ಅವರು ಒಳಗೆ ಹೋದರು. ಹೆಣ್ಣು ನೋಡುವಲ್ಲಿ ನನಗೇನು ಕೆಲಸ, ನಾನು ಕಾರಿನಲ್ಲೇ ಉಳಿದೆ. ದಾರಿಯಲ್ಲಿ ಹೋಗುವವರಲ್ಲಿ ತೋಳು ಗಟ್ಟಿ ಇರುವವರನ್ನು ಹುಡುಕತೊಡಗಿದೆ. ಯಾರನ್ನಾದರೂ ಕರೆಯಲೇ ಎಂದು ಕೇಳಿದರೆ ಅವನು ಬೇಡವೆಂದು ತಲೆ ಆಡಿಸಿದ. ಸೀಟಿನ ಕೆಳಗಿನ ಹ್ಯಾಂಡಲ್ ತೆಗೆದು ಒರೆಸುತ್ತ ಕೂತ.

ಅವರು ಹೊರಗೆ ಬಂದಾಗ ಬೀಗರ ಕಡೆಯವರೂ ಬಾಗಿಲಿಗೆ ಬಂದು ನಿಂತರು. ಅಮೃತಪ್ಪ ಮುಂದೆ ಹೋಗಿ, ಹ್ಯಾಂಡಲ್ ಸಿಕ್ಕಿಸಿ, ಎಡಗೈ ಹಾಕಿದ. ಶುಭಕಾರ್ಯದ ಬಾಗಿಲಲ್ಲಿ ಎಡಗೈ. ನಾನು ಕಣ್ಣು ಮುಚ್ಚಿದೆ. ಕೆಳಗಿನಿಂದ ಮೇಲಕ್ಕೆ ಒಂದೇ ಸೆಳೆತ. ಮೊದಲು ಎಡಗೈ ಸೆಳೆತಕ್ಕೆ ಎಂದೂ ಹಿಡಿಯದಿದ್ದ ಇಂಜಿನ್ನು ಈಗ ಹಿಡಿಯಿತು, ಸ್ವಲ್ಪವೂ ಕೆಮ್ಮದೆ ನಿಂತಲ್ಲೇ ಸುತ್ತತೊಡಗಿತು.

ಸಾವಕಾರರು ಕಾರಿನೊಳಗೆ ಬಂದು ಕೂತು, ಸಣ್ಣ ದನಿಯಲ್ಲಿ ಕೇಳಿದರು: "ಎಡಗೈಲೆ ಯಾಕ ಹೊಡದಿ?"

"ಬಲಗೈಯಾಗ ಬಲ ಇಲ್ರಿ ಸಾವಕಾರ್ರ. ಹ್ಯಾಂಡಲ್ ಒದ್ದು ಮುರದಿತ್ತು. ನಿಮಗ ಹೇಳಿದ್ದಿಲ್ಲ."

ಅವರು ಇಂಜಿನ್ನಿನ ಕಡೆ ಕಿವಿ ಕೊಟ್ಟು ಕೂತರು. ನನ್ನ ಪಕ್ಕದಲ್ಲಿ ಶಿವಕಾಂತಮ್ಮ ಕೊರಳ ಲಿಂಗದ ಮೇಲೆ ಕೈ ಇಟ್ಟುಕೊಂಡಿದ್ದರು. ಬೀಗರು ಬಾಗಿಲಲ್ಲೇ ಕಾಯುತ್ತಿದ್ದರು.

"ನಡಿ," ಎಂದರು ಸಾವಕಾರರು ಕೊನೆಗೆ. "ಚಿತ್ತಾಪುರದಾವಗ ಬರಬ್ಯಾಡಂತ ನಾಳಿ ಹೇಳಿ ಕಳಸ್ತೀನಿ."

ಹೆಣ್ಣು ಹೇಗಿತ್ತು ಎಂದು ಕೇಳುವುದು ನನಗೆ ನೆನಪಾದದ್ದು ಸೇಡಂ ಬಂದ ಮೇಲೆಯೇ.