ಬಿಚ್ಚಿ ಹೊಲಿದ ತೋಳು

ತೋಳಿನ ಹೊಲಿಗೆಯನ್ನು ಅವಳು ಒಂದೊಂದೇ ಎಳೆಯಾಗಿ ಬಿಚ್ಚುತ್ತಿದ್ದಳು. ಕಿಟಕಿಯಾಚೆ ಶರತ್ಕಾಲದ ಅಪರಾಹ್ನ; ಮಳೆ ತೊಳೆದು ಹೋದ ಆಕಾಶದಿಂದ ಸೋಸಿ ಬಂದ ಹೊಂಬೆಳಕು ಎದುರು ಸಾಲಿನ ಹೆಂಚುಗಳ ಮೇಲೆ ಹರಿದು, ಬೀದಿ ದಾಟಿ, ಮೇಜಿನ ಮೇಲಿನ ಹಸಿರು ರೇಷ್ಮೆಯಲ್ಲಿ ಕೊಳದ ನೀರಿನಂತೆ ನಡುಗುತ್ತಿತ್ತು. ಸಹೃದಯ ಓದುಗರೇ, ಇಷ್ಟು ಪ್ರಶಾಂತವಾದ ಬೆಳಕಿನಲ್ಲಿ ಕುಳಿತ ಈ ದರ್ಜಿಯ ಕೈಯೇಕೆ ಮತ್ತೆ ಮತ್ತೆ ನಿಲ್ಲುತ್ತಿತ್ತು ಎಂದು ಕೇಳುವಿರಾದರೆ, ಅವಳ ಕಣ್ಣು ಹೋದ ಕಡೆಗೆ ನೀವೂ ನೋಡಬೇಕು... ಎದುರಿಗೆ ಗಡಿಯಾರ ರಿಪೇರಿಯವನ ಅಂಗಡಿ. ಮುಚ್ಚಿ ಎರಡು ತಿಂಗಳಾದ ಬಾಗಿಲು. ಅದರ ಮೇಲೆ ಆ ಬೆಳಿಗ್ಗೆಯಷ್ಟೇ ಮಾಲೀಕರು ಅಂಟಿಸಿದ, ‘ಮುಂದಿನ ವಾರದಿಂದ ಬಾಡಿಗೆಗೆ ಇದೆ’ ಎಂಬ ಚೀಟಿ.

ಆ ಅಂಗಡಿ ಇನ್ನೂ ತೆರೆದಿದ್ದಾಗ, ಮದುವೆಯ ಮಾತು ಅವಳ, ಗಡಿಯಾರದವನ, ಇಬ್ಬರ ತುಟಿಯವರೆಗೂ ಬಂದಿದ್ದ ದಿನಗಳವು. ಅವಳಿಲ್ಲದ ಹೊತ್ತಿನಲ್ಲಿ, ಅವಳ ಶ್ರಮ ಹಗುರಾಗಲೆಂದು, ಅವನು ಹೊಲಿಗೆಯಂತ್ರಕ್ಕೆ ಎಣ್ಣೆ ಬಿಟ್ಟು, ಗಡಿಯಾರಕ್ಕೆ ಕೀಲಿ ಕೊಡುವ ಕೈರೂಢಿಯಲ್ಲಿ ದಾರದ ಬಿಗಿಯ ತಿರುಪನ್ನೂ ಕೊನೆಯವರೆಗೆ ತಿರುಗಿಸಿಟ್ಟಿದ್ದ. ಅದರಲ್ಲಿ ಹೊಲಿದ ಮದುಮಗಳೊಬ್ಬಳ ಉಡುಪು ಸಾಲುಸಾಲಾಗಿ ಸುಕ್ಕುಗಟ್ಟಿತು. ಗಿರಾಕಿಗಳ ಮುಂದೆಯೇ ಅವಳು, “ಮುಟ್ಟಿದ್ದೆಲ್ಲ ಹಾಳು ಮಾಡೋ ಕೈ ನಿಮ್ದು. ಇನ್ನು ಈ ಹೊಸಿಲು ತುಳೀಬೇಡಿ” ಎಂದುಬಿಟ್ಟಿದ್ದಳು. ಅವನು ಕನ್ನಡಕ ಒರೆಸಿಕೊಂಡು, ಮರುದಿನವೇ ತಂಗಿಯ ಊರಿಗೆ ಹೊರಟುಹೋಗಿದ್ದ.

ಅಂದಿನಿಂದ ಒಂಬತ್ತು ಪತ್ರಗಳು! ‘ಇನ್ನೆಂದೂ ಸಿಟ್ಟಾಗುವುದಿಲ್ಲ’ ಎಂದು ಪ್ರತಿಯೊಂದರಲ್ಲೂ ಪ್ರತಿಜ್ಞೆ. ಅಂಚೆಗೆ ಹಾಕುವ ಮೊದಲೇ ಯಾರ ಮೇಲಾದರೂ ಸಿಡಿಮಿಡಿ. ಪ್ರತಿಜ್ಞೆ ಸುಳ್ಳಾಯಿತೆಂದು, ತನ್ನ ಮೇಲೆಯೇ ರೇಗಿ, ಪತ್ರ ಚೂರುಚೂರು. ಹತ್ತನೆಯದು ಈಗ ಕತ್ತರಿಯ ಕೆಳಗಿತ್ತು.

“ನಾಲ್ಕಕ್ಕೆ ಅಂಚೆ ಡಬ್ಬಿ ಖಾಲಿ ಮಾಡ್ತಾರೆ,” ಎಂದಳು ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದ ಅತ್ತಿಗೆ.

“ಗೊತ್ತು ಅತ್ತಿಗೆ. ಎಷ್ಟು ಸಲ ಹೇಳ್ತೀರಿ, ತಲೆ ಚಿಟ್ಟು ಹಿಡೀತು.”

ಆಡಿದ ಮರುಕ್ಷಣವೇ ಅವಳ ಮುಖ ಮೋಡ ಕವಿದ ಹೊಲದಂತಾಯಿತು. ಕೈ ಪತ್ರದತ್ತ ಹೋಯಿತು...

“ಹರಿದು ಹಾಕು, ಇದನ್ನೂ. ಒಲೆ ಹಚ್ಚೋಕೆ ಕಾಗದ ಮುಗಿದಿತ್ತು,” ಅತ್ತಿಗೆ ತಲೆಯೆತ್ತಲಿಲ್ಲ. “ಆ ತೋಳು ಎಷ್ಟನೇ ಸಲ ಬಿಚ್ತಿರೋದು?”

“ಮೂರನೇ ಸಲ.”

“ಬಟ್ಟೇನ ಬೀದಿಗೆ ಎಸೀಲಿಲ್ವಲ್ಲ ಮತ್ತೆ.”

ಅವಳು ತೋಳನ್ನು ಪಕ್ಕಕ್ಕಿಟ್ಟಳು. ಆಮೇಲೆ ಪತ್ರ ಬಿಡಿಸಿ, ಪ್ರತಿಜ್ಞೆಯ ಸಾಲಿನ ಮೇಲೆ ಗೆರೆ ಎಳೆದು, ಕೆಳಗೆ ಬರೆದಳು: ‘ನನಗೆ ಸಿಟ್ಟು ಬರುತ್ತದೆ. ಈಗಷ್ಟೇ ಅತ್ತಿಗೆಯ ಮೇಲೆ ರೇಗಿದೆ. ಬಾಯಿ ತೆರೆಯುವ ಮೊದಲು ಹತ್ತು ಹೊಲಿಗೆ ಬಿಚ್ಚುವಷ್ಟು ಹೊತ್ತು ಕಾಯುವುದನ್ನು ಕಲಿಯುತ್ತಿದ್ದೇನೆ. ಕೆಲವು ದಿನ ಮರೆತೂ ಹೋಗುತ್ತದೆ. ನಿಮ್ಮದು ಹಾಳು ಮಾಡುವ ಕೈಯಲ್ಲ. ಅಂಗಡಿ ಬಿಡುವ ಮುನ್ನ ಒಮ್ಮೆ ಬನ್ನಿ.’

“ಅತ್ತಿಗೆ... ತಪ್ಪಾಯ್ತು.”

“ಅದನ್ನ ಬಂದ್ಮೇಲೆ ಕೇಳ್ತೀನಿ. ಚಪ್ಪಲಿ ಹಾಕ್ಕೋ ಮೊದ್ಲು.”

ತನ್ನ ತಪ್ಪನ್ನು ತಾನೇ ಮನ್ನಿಸಲಾರದವರು ಇನ್ನೊಬ್ಬರು ನೀಡುವ ಕ್ಷಮೆಯನ್ನು ಯಾವ ಕೈಯಿಂದ ತಾನೇ ಸ್ವೀಕರಿಸಿಯಾರು? ಕೋಪವೆಂಬುದು ಒಂದೇ ಸಂಕಲ್ಪಕ್ಕೆ ಒಣಗುವ ಹೊಳೆಯಲ್ಲ. ದಡದಲ್ಲಿ ಕುಳಿತು, ಅದು ತಿಳಿಯಾಗುವವರೆಗೆ ತನ್ನ ಜೊತೆ ತಾನೇ ಇರಬೇಕು, ದಿನವೂ... ಬೀದಿಯ ತಿರುವಿನ ಡಬ್ಬಿಯ ಬಾಯಲ್ಲಿ ಅವಳ ಬೆರಳುಗಳು ಪತ್ರವನ್ನು ಇನ್ನೂ ಹಿಡಿದೇ ಇದ್ದವು. ನಾಲ್ಕಕ್ಕೆ ಇನ್ನು ಐದೇ ನಿಮಿಷ.

ಬೆರಳುಗಳು ಬಿಟ್ಟವು.